ಉಸಿರು ಬಿಡುವ ಕಡೆ

ಕಣ್ಣಿಗೆ ಹತ್ತಿಯ ಪಟ್ಟಿ ಹಾಕಿಸಿಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿದ್ದವರಲ್ಲಿ ಮುದುಕರೊಬ್ಬರು ಮೂಗು ಸಿಂಡರಿಸಿದ್ದನ್ನು ಕಂಡ ಕೂಡಲೇ ಅವಳಿಗೆ ಗೊತ್ತಾಯಿತು, ಅದು ಮತ್ತೆ ಬಂದಿದೆ. ಅವಳ ಮೂಗಿಗೆ ಇನ್ನೂ ತಾಕಿರಲಿಲ್ಲ. ಆದರೆ ಈ ಕಣ್ಣಿನ ಆಸ್ಪತ್ರೆಯ ನೆಲ, ಗಾಜು, ಪಾಯಿಖಾನೆಗಳ ಉಸ್ತುವಾರಿ ನೋಡುತ್ತ ನೋಡುತ್ತ ಅವಳು ಒಂದು ಸಂಗತಿ ಕಲಿತಿದ್ದಳು: ಕಣ್ಣು ಕಟ್ಟಿಸಿಕೊಂಡವರಿಗೆ ವಾಸನೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಮುದುಕರ ಪಕ್ಕದ ಹೆಂಗಸು ತಲೆಯೆತ್ತಿದಳು. ಅವಳಾಚೆ ಕೂತವನು ಜೇಬಿನಲ್ಲಿ ಕರವಸ್ತ್ರ ತಡಕಾಡಿದ. ಕಾರಿಡಾರಿನ ಆ ತುದಿಯಿಂದ ನೀರೆಳೆಯುವ ಯಂತ್ರ ಗೊರ್ರೆಂದು ಸದ್ದು ಮಾಡುತ್ತ ಬರುತ್ತಿತ್ತು; ಅದರ ಹಿಂದೆ, ಕೂದಲಿನ ದೆಸೆಯಿಂದ ಎಲ್ಲರ ಬಾಯಲ್ಲೂ ಗುಂಗುರು ಎಂದೇ ಆಗಿಹೋಗಿದ್ದ ಕೆಲಸದವಳು, ಪೈಪನ್ನು ಹೆಗಲಿಗೇರಿಸಿಕೊಂಡು, ರಬ್ಬರ್ ಪಟ್ಟಿಯ ಮೂತಿಯಿಂದ ನೆಲದ ಸೋಪುನೀರನ್ನು ಎಳೆಯುತ್ತ ಹಿಂದು ಹಿಂದಕ್ಕೆ ಸರಿಯುತ್ತಿದ್ದಳು. ಆಮೇಲೆ ಉಸ್ತುವಾರಿಯವಳ ಮೂಗಿಗೂ ಬಂತು. ಹುಳಿತ ಒರೆಸುಬಟ್ಟೆ, ಒದ್ದೆ ಗೋಣಿಚೀಲ, ಮುಚ್ಚಿಟ್ಟು ಮರೆತ ಊಟದ ಡಬ್ಬಿ, ಎಲ್ಲ ಒಟ್ಟಿಗೆ. ಹೋದ ವರ್ಷದ್ದೇ, ಅನುಮಾನವೇ ಇಲ್ಲ. ಗುರುತು ಹತ್ತಿದ ಕೂಡಲೇ ಅವಳಿಗೆ ಹೆದರಿಕೆಯಾಯಿತು. ಅತ್ತೆ ಇಲ್ಲಿಯ ಕೆಲಸ ಬಿಟ್ಟು ವರ್ಷವಾಗುತ್ತ ಬಂತು. ಅವರೇ ಇಲ್ಲದ ಮೇಲೆ ಇದು ಎಲ್ಲಿಂದ ಬಂತು?

ಅತ್ತೆ ಎಂದರೆ ಅವಳ ಗಂಡನ ತಾಯಿ. ಯಂತ್ರಕ್ಕೆ ಆನೆ ಎಂದು ಹೆಸರಿಟ್ಟವರು ಅವರೇ. ಉದ್ದ ಸೊಂಡಿಲು, ಗುಂಡು ಹೊಟ್ಟೆ, ಮೇಲೊಂದು ದಪ್ಪ ತಲೆ. ಬಕೆಟ್ಟುಗಟ್ಟಲೆ ಕೊಳೆನೀರನ್ನು ಸುರ್ರೆಂದು ಹೀರಿ ಹೊಟ್ಟೆಗಿಳಿಸುವ ಇದಕ್ಕೆ ಇನ್ನೇನು ಹೆಸರಿಡಬೇಕು ಹೇಳಿ ಎಂದು ಕೇಳಿದ್ದರಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು ಕೈಹಿಡಿದು ಕರೆತಂದು ಇಲ್ಲಿ ಕೆಲಸಕ್ಕೆ ಸೇರಿಸಿದವರೂ ಅವರೇ. ಆಮೇಲೆ ಸೊಸೆ ಮೇಲೇರಿ ಸೂಪರ್‌ವೈಸರ್ ಆದಳು, ಅತ್ತೆ ಆನೆಯ ಹಿಂದೆಯೇ ಉಳಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಟೀ ಕುಡಿಯುವ ಕೋಣೆಯಲ್ಲಿ ಎಲ್ಲರೂ ನಕ್ಕಾಗ ಅತ್ತೆಯೂ ಲೋಟ ಹಿಡಿದುಕೊಂಡೇ ಮೈ ಕುಲುಕಿಸಿ ನಕ್ಕಿದ್ದರು. ಅವಳು ನಗಲಿಲ್ಲ. ಮನೆಯವರಿಗೊಂದು ನ್ಯಾಯ, ಊರವರಿಗೊಂದು ನ್ಯಾಯ ಎಂದು ನಾಳೆ ಯಾರೂ ಬೆರಳು ತೋರಿಸಬಾರದು ಎಂಬುದೊಂದೇ ಅವಳ ತಲೆಯಲ್ಲಿ. ಹಾಗಾಗಿ ಬೇರೆಯವರಿಗೆ ಮೆತ್ತಗೆ ಹೇಳುವುದನ್ನು ಅತ್ತೆಗೆ ಗಟ್ಟಿಯಾಗಿ ಹೇಳುತ್ತಿದ್ದಳು, ಬೇರೆಯವರಿಗೆ ಕೋಣೆಯೊಳಗೆ ಕರೆದು ಹೇಳುವುದನ್ನು ಅತ್ತೆಗೆ ಕಾರಿಡಾರಿನಲ್ಲಿ. ಈಗ ಅದೆಲ್ಲ ಮುಗಿದ ಕಥೆ. ಈಗ ಅತ್ತೆ ಮನೆಯಲ್ಲಿದ್ದಾರೆ. ಮನೆಯಲ್ಲಿದ್ದಾರೆ ಎನ್ನುವುದೂ ಪೂರ್ತಿ ಸರಿಯಲ್ಲ. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗದಲ್ಲಿ, ಕಿಟಕಿಯ ಕೆಳಗೆ, ಒಂದು ಮಡಚುವ ಮಂಚ ಹಾಕಿಕೊಂಡು ಇದ್ದಾರೆ. ಹಜಾರಕ್ಕೆ ಬರುವುದಿಲ್ಲ. ಊಟದ ತಟ್ಟೆಯನ್ನು ಅಲ್ಲಿಗೇ ಒಯ್ಯುತ್ತಾರೆ. ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ, ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಮೊಮ್ಮಗಳು ಓಡಿಹೋಗಿ ತೊಡೆಯೇರಲು ನೋಡಿದರೆ, ಬೇಡ ಪುಟ್ಟ, ಅಜ್ಜಿ ಇನ್ನೂ ಸ್ನಾನ ಮಾಡಿಲ್ಲ ಎಂದು ಎರಡೂ ಕೈ ಮುಂದೆ ಮಾಡಿ ತಡೆಯುತ್ತಾರೆ, ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ.

ಅಮ್ಮನಿಗೆ ವಯಸ್ಸಾಯಿತು, ಮಡಿ ಹುಚ್ಚು ಹಿಡಿದಿದೆ, ಬಿಡು ಎಂದು ಗಂಡ ಒಂದೆರಡು ಸಲ ಹೇಳಿದ್ದ. ತಾಯಿಗೂ ಹೆಂಡತಿಗೂ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದವನು, ಪಾಪ, ಅವನಿಗೆ ಯಾವುದಕ್ಕಾದರೂ ಒಂದು ಹೆಸರಿಟ್ಟುಬಿಟ್ಟರೆ ನಿದ್ದೆ ಬರುತ್ತದೆ. ಅವಳಿಗೆ ಬರುತ್ತಿರಲಿಲ್ಲ. ಅತ್ತೆಯನ್ನು ಹೇಗಾದರೂ ಹಜಾರಕ್ಕೆ ಕರೆತರಬೇಕು, ಮಗುವನ್ನು ತೊಡೆಯ ಮೇಲೆ ಕೂರಿಸಬೇಕು, ಆಮೇಲೆ ಬೇಕಾದರೆ ಅವರು ತನ್ನನ್ನು ಬಾಯಿಗೆ ಬಂದ ಹಾಗೆ ಬಯ್ಯಲಿ ಎಂದು ಅವಳು ವರ್ಷವಿಡೀ ಒಳಗೊಳಗೇ ಲೆಕ್ಕ ಹಾಕಿದ್ದಳು. ಹೇಗೆ ಕರೆಯುವುದು ಎಂಬುದು ಮಾತ್ರ ತೋಚಿರಲಿಲ್ಲ. ಬನ್ನಿ ಅತ್ತೆ ಎಂದರೆ, ಇಲ್ಲಿ ಗಾಳಿ ಚೆನ್ನಾಗಿದೆ ಕಣೇ ಎನ್ನುತ್ತಿದ್ದರು, ಅಷ್ಟೇ ಮೃದುವಾಗಿ. ಜಗಳವಾಡುವವರನ್ನು ರಾಜಿ ಮಾಡಿಸಬಹುದು. ಗಾಳಿ ಚೆನ್ನಾಗಿದೆ ಎನ್ನುವವರನ್ನು ಏನು ಮಾಡುವುದು?

ಗುಂಗುರು ಯಂತ್ರ ನಿಲ್ಲಿಸಿದಳು. ನಿಲ್ಲಿಸಿದ ಮೇಲೂ ಒಂದು ಕ್ಷಣ ಅದರ ತಲೆಯೊಳಗೆ ಚಕ್ರ ತಿರುಗುತ್ತಿದ್ದು ನಿಧಾನವಾಗಿ ಸುಯ್ಯೆಂದು ಅಡಗಿತು. ಇತ್ತ ಸೂಪರ್‌ವೈಸರ್ ಬಾಯಿ ಆಗಲೇ ತೆರೆದಿತ್ತು, ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೋದ ವರ್ಷದ ಮಾತೇ, ಬಹುವಚನವೊಂದು ಇಲ್ಲ ಅಷ್ಟೇ: ಹೊಟ್ಟೆ ತೊಳೆಯದೆ ಮುಚ್ಚಿಟ್ಟಿದ್ದೀಯ, ಅದಕ್ಕೇ ನಾರುತ್ತಿದೆ. ಅರ್ಧ ಹೇಳಿಯೂ ಬಿಟ್ಟಳು. ಗುಂಗುರು ಪೈಪನ್ನು ಹೆಗಲಿನಿಂದ ಇಳಿಸಿ ಸೊಂಟಕ್ಕೆ ಕೈಯಿಟ್ಟಳು.

"ಬನ್ನಿ ಅಕ್ಕ, ಬಂದು ಬಗ್ಗಿ ನೋಡಿ. ಊಟ ಬಡಿಸ್ಕೊಂಡು ತಿನ್ನಬಹುದು, ಹಾಗೆ ತೊಳ್ದಿದ್ದೆ ಬೆಳಿಗ್ಗೆ. ನೋಡದೆ ಅಂದ್ರೆ ಅನ್ನಿಸ್ಕೊಳ್ಳೋಕೆ ನಾನೇನು ನಿಮ್ಮನೆ ಸೊಸೆಯಲ್ಲ."

ಬೆಂಚಿನ ಮೇಲೆ ಯಾರೋ ನಕ್ಕರು. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೀಗೆ ಎದುರು ಮಾತಾಡಬಹುದು ಎಂಬುದೇ ಹೊಳೆದಿರಲಿಲ್ಲ ಅವಳಿಗೆ, ಹೊಳೆದಿರಲಿಲ್ಲ ಅತ್ತೆಗೂ. ಹೋದ ವರ್ಷ ಅತ್ತೆ ಇದೇ ಬೆಂಚುಗಳ ಎದುರು, ಇದೇ ಪೈಪು ಹಿಡಿದು ನಿಂತಿದ್ದರು. ತೊಳ್ದಿದ್ದೀನಮ್ಮ ಎಂದರು. ಸೊಸೆಗೆ ಅಮ್ಮ ಎಂದರು, ಕೆಲಸದ ಜಾಗದಲ್ಲಿ ಸೂಪರ್‌ವೈಸರಿಗೆ ಎಲ್ಲರೂ ಹೇಳುವ ಹಾಗೆ. ಮೊದಮೊದಲು ಅವರು ಆನೆಯ ಹೊಟ್ಟೆ ತೊಳೆದು ತಲೆ ಕೂರಿಸಿ ಎರಡೂ ಕ್ಲಿಪ್ಪು ಬಿಗಿದು ಇಡುತ್ತಿದ್ದರು, ತೊಳೆದ ಪಾತ್ರೆಯನ್ನು ಬಾಯಿ ತೆರೆದು ಬಿಟ್ಟರೆ ಹಲ್ಲಿ ಬೀಳುತ್ತದೆ ಎಂದು, ಅಡುಗೆಮನೆಯ ಬುದ್ಧಿ. ಒಣಗದೆ ಮುಚ್ಚಿದರೆ ಹುಳಿಯುತ್ತದೆ ಎಂದು ಅವಳು ಹೇಳಿದ ಮರುದಿನದಿಂದ ಮುಚ್ಚುವುದನ್ನು ಬಿಟ್ಟರು, ಅದರ ಮೇಲೊಂದು ತೆಳು ಬಟ್ಟೆ ಹೊದಿಸಿ ಮಾತ್ರ ಇಡುತ್ತಿದ್ದರು. ಆದರೂ ವಾಸನೆ ಹೋಗಲಿಲ್ಲ. ಆಡಳಿತದ ಮೇಡಂ ಅವಳನ್ನು ಕರೆದು, ನಿಮ್ಮ ಮನೆಯವರು ಅಂತ ಸುಮ್ಮನಿದ್ದೀರಾ ಎಂದು ಕೇಳಿದರು, ನಗುತ್ತಲೇ ಕೇಳಿದರು. ಆ ನಗು ಅವಳ ಕಿವಿಯಲ್ಲಿ ಇದ್ದ ಹಾಗೆಯೇ ಕಾರಿಡಾರಿಗೆ ಬಂದಿದ್ದಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ. ಅಂದು ಮೇಡಂ ಮೇಲಿನ ಕೋಪ ಅತ್ತೆಯ ಮೇಲೆ. ಆನೆ ಆಮೇಲಿರಲಿ ಅತ್ತೆ, ಮೊದಲು ನೀವು ಹೋಗಿ ಮೈ ತೊಳ್ಕೊಂಡು ಬನ್ನಿ, ನಿಮ್ಮ ಮೇಲೇ ಬರ್ತಿದೆ ಎಂದಳು. ಕಣ್ಣು ಕಟ್ಟಿದ ಸಾಲು ಇಡೀ ಸದ್ದು ಬಂದ ಕಡೆ ಮುಖ ತಿರುಗಿಸಿತು. ಯಾರೂ ನೋಡುತ್ತಿರಲಿಲ್ಲ, ಅದೇ ಸಮಾಧಾನ ಎಂದುಕೊಂಡಿದ್ದಳು ಆಗ. ಅತ್ತೆ ತಮ್ಮ ತೋಳನ್ನು ಮೂಗಿನ ಹತ್ತಿರ ತಂದು, ಮತ್ತೆ ಕೆಳಗಿಳಿಸಿ, ಹೂಂ ಎಂದು ಹೊರಟುಹೋದರು. ಮೈ ತೊಳೆದುಕೊಂಡೂ ಬಂದರು, ಕೆಲಸದವರ ಬಚ್ಚಲಲ್ಲಿ, ಬೇರೆ ಬಟ್ಟೆ ಇರಲಿಲ್ಲವಾಗಿ ಅದೇ ಒದ್ದೆಯಲ್ಲಿ. ಆ ವಾರ ಕಳೆದ ಮೇಲೆ ಬರಲಿಲ್ಲ. ಅವರು ಬಿಟ್ಟದ್ದೇ ತಡ, ವಾಸನೆಯೂ ಹೋಯಿತು. ನೋಡಿದಿರಾ ಎಂದು ಎಲ್ಲರೂ ಅಂದರು. ಅವಳೂ ಅಂದಳು.

ಈಗ ಬಗ್ಗಿ ನೋಡದೆ ಬೇರೆ ದಾರಿ ಇರಲಿಲ್ಲ. ಆನೆಯನ್ನು ಹಿಂದಿನ ತೊಳೆಯುವ ಕೋಣೆಗೆ ತಳ್ಳಿಕೊಂಡು ಹೋದರು, ಮುಂದೆ ಅವಳು, ಹಿಂದೆ ಗೆದ್ದವಳ ನಡಿಗೆಯಲ್ಲಿ ಗುಂಗುರು. ವೈರು ಕಿತ್ತು, ಕ್ಲಿಪ್ಪು ಬಿಚ್ಚಿ, ತಲೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಹೊಟ್ಟೆಯಲ್ಲಿದ್ದ ಕೊಳೆನೀರನ್ನು ಚೆಲ್ಲಿದರು, ಅದರ ಮೇಲೆ ಕೆನೆಯ ಹಾಗೆ ದಪ್ಪ ನೊರೆ. ಖಾಲಿ ಹೊಟ್ಟೆಯೊಳಗೆ ತಲೆ ಹಾಕಿ ಮೂಸಿದಳು. ಸೋಪು, ಸ್ವಲ್ಪ ಮಣ್ಣು, ಅಷ್ಟೇ. ಪೈಪನ್ನು ಎತ್ತಿ ಹಿಡಿದು ಒಳಗೆ ಬಿಸಿನೀರು ಬಿಟ್ಟಳು, ಬಗ್ಗುವಲ್ಲೆಲ್ಲ ಒತ್ತಿ ನೋಡಿದಳು, ಒಂದು ಹತ್ತಿಯುಂಡೆ, ಒಂದು ಗುಳಿಗೆಯ ಕಾಗದ ಬಿತ್ತು. ವಾಸನೆಯಿಲ್ಲ. ತಲೆಗೂ ಹೊಟ್ಟೆಗೂ ನಡುವಿನ ರಬ್ಬರ್ ಬಳೆಯನ್ನು ಬೆರಳಿನಿಂದ ಬಿಡಿಸಿ ಅದರ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ತಲೆಯ ತಳದಲ್ಲಿ ಪಂಜರದೊಳಗೆ ಇರುವ ಚೆಂಡನ್ನು ಅಲ್ಲಾಡಿಸಿದಳು. ಹೊಟ್ಟೆ ತುಂಬಿದಾಗ ನೀರಿನ ಜೊತೆ ಮೇಲೆ ತೇಲಿ, ಬಾಯಿ ಮುಚ್ಚಿ, ಮೋಟಾರಿಗೆ ನೀರು ನುಗ್ಗದ ಹಾಗೆ ಕಾಯುವ ಚೆಂಡು. ಅದು ಸಲೀಸಾಗಿ ಏರಿ ಇಳಿಯಿತು. ಎಲ್ಲವೂ ಸರಿ ಇದ್ದವು. ಎಲ್ಲವೂ ಸರಿ ಇದ್ದಷ್ಟೂ ಅವಳು ಮತ್ತೊಂದು ಸಂದಿ ಹುಡುಕತೊಡಗಿದಳು. ಒಂದು ಮೂಲೆಯಲ್ಲಾದರೂ ಒಂದಿಷ್ಟು ಕೊಳೆ ಸಿಕ್ಕಿ, ಏನೇ ಇದು ಎಂದು ಗುಂಗುರುವಿನ ಮುಖಕ್ಕೆ ಹಿಡಿಯುವಂತಾಗಲಿ ಎಂದು ಅವಳು ಹಾರೈಸುತ್ತಿದ್ದಳು. ಇವಳ ತಪ್ಪಾದರೆ ಅತ್ತೆಯದೂ ತಪ್ಪಾಗಿರಬಹುದು, ಇವಳದು ಅಲ್ಲದಿದ್ದರೆ?

ಮತ್ತೆ ಜೋಡಿಸಿ ಓಡಿಸು ಎಂದಳು. ಖಾಲಿ ಯಂತ್ರ ಬರೀ ಗಾಳಿ ಎಳೆಯತೊಡಗಿತು, ಮತ್ತು ಕೋಣೆ ತುಂಬ ಅದೇ ನಾತ ಎದ್ದಿತು. ಗುಂಗುರು ಸೆರಗಿಲ್ಲದ್ದರಿಂದ ಅಂಗೈಯಲ್ಲೇ ಮೂಗು ಮುಚ್ಚಿಕೊಂಡಳು. ನಿಲ್ಲಿಸು ಎಂದಳು; ನಿಂತಿತು, ವಾಸನೆಯೂ ತೆಳುವಾಯಿತು. ಹಾಕು, ಬಂತು. ನಿಂತಾಗ ಇಲ್ಲ, ಓಡುವಾಗ ಮಾತ್ರ ಇದೆ. ಅವಳು ಕೈಯನ್ನು ಯಂತ್ರದ ಸುತ್ತ ನಿಧಾನವಾಗಿ ಆಡಿಸಿದಳು, ಜ್ವರ ನೋಡುವವರ ಹಾಗೆ. ತಲೆಯ ಹಿಂಬದಿಯಲ್ಲಿ, ಗೋಡೆಗೆ ತಾಗಿಸಿ ನಿಲ್ಲಿಸುವ ಕಡೆ, ಸಣ್ಣ ಸಣ್ಣ ಸೀಳುಗಳ ಒಂದು ಜಾಲರಿ ಇತ್ತು. ಅಲ್ಲಿಂದ ಬೆಚ್ಚನೆಯ ಗಾಳಿ ಅಂಗೈಗೆ ಬಡಿಯಿತು. ಅಂಗೈಯನ್ನು ಮೂಗಿಗೆ ತಂದಳು, ಅದೇ ನಾತ. ಇಷ್ಟು ವರ್ಷ ಎಲ್ಲರೂ ಬಗ್ಗಿದ್ದು ಹೊಟ್ಟೆಯೊಳಗೆ, ಕೊಳೆ ಬೀಳುವ ಕಡೆ. ಇದು ಎಳೆದುಕೊಂಡ ಉಸಿರನ್ನು ಎಲ್ಲೋ ಒಂದು ಕಡೆ ಬಿಡಲೇಬೇಕಲ್ಲ ಎಂದು ಯಾರೂ ಯೋಚಿಸಿರಲಿಲ್ಲ. ಅವಳು ವೈರು ಕಿತ್ತು, ಸ್ಕ್ರೂ ಬಿಚ್ಚಿ, ಹಿಂಬದಿಯ ಮುಚ್ಚಳ ತೆಗೆದಳು. ಸದ್ದು ಕಡಿಮೆಯಾಗಲೆಂದು ಗಾಳಿಯ ದಾರಿಗೆ ಒತ್ತಿಟ್ಟ ದಪ್ಪ ಸ್ಪಂಜೊಂದು ಅಲ್ಲಿತ್ತು. ಹುಟ್ಟಿನಲ್ಲಿ ಬೂದು ಬಣ್ಣದ್ದು ಇರಬೇಕು, ಈಗ ಕಪ್ಪಾಗಿ, ಲೋಳೆಗಟ್ಟಿ, ಎಳೆದರೆ ನಾರುನಾರಾಗಿ ಕೈಗೆ ಬಂತು. ಹಿಂಡಿದಾಗ ಒಂದು ತೊಟ್ಟು ಕಂದು ನೀರು ಅವಳ ಮಣಿಕಟ್ಟಿನ ಮೇಲೆ ಹರಿಯಿತು.

ಇಲ್ಲಿಗೆ ನೀರು ಹೇಗೆ ಬಂತು ಎಂದು ಗುಂಗುರು ಕೇಳಿದಳು, ಚೆಂಡು ಕಾಯುತ್ತದಲ್ಲ. ಚೆಂಡು ನೀರಿಗೆ ಏಳುತ್ತದೆ, ನೊರೆಗೆ ಏಳುವುದಿಲ್ಲ. ನೊರೆಗೆ ಅದನ್ನು ಎತ್ತುವ ಶಕ್ತಿ ಎಲ್ಲಿದೆ? ಅದು ಚೆಂಡನ್ನು ಬಳಸಿಕೊಂಡು ಕದ್ದು ಮೇಲೇರಿ, ಗಾಳಿಯ ಜೊತೆ ಬಂದು ಇಲ್ಲಿ ಸ್ಪಂಜಿನಲ್ಲಿ ಕೂರುತ್ತದೆ, ಕೂತು ಕೊಳೆಯುತ್ತದೆ. ಇದನ್ನು ಗುಂಗುರುವಿಗೆ ಹೇಳುತ್ತಿರುವಾಗಲೇ ಅವಳ ಕಣ್ಣು ಮೂಲೆಯ ಸೋಪಿನ ಡಬ್ಬದ ಮೇಲೆ ಬಿತ್ತು. ಬಕೆಟ್ಟಿಗೆ ಒಂದು ಮುಚ್ಚಳ ಸೋಪು ಸಾಕು ಎಂದು ಡಬ್ಬದ ಮೇಲೆ ಬರೆದಿದೆ. ವಾಸನೆ ಬರುತ್ತದೆ ಎಂದು ದೂರು ಬಂದಾಗ, ಮೂರು ಮುಚ್ಚಳ ಹಾಕಿ ಎಂದು ಅಪ್ಪಣೆ ಮಾಡಿದವಳು ಅವಳೇ. ಇಷ್ಟು ನೊರೆ ಬೇಕೇನಮ್ಮ ಎಂದು ಅತ್ತೆ ಒಮ್ಮೆ ಕೇಳಿದ್ದಕ್ಕೆ, ಹೇಳಿದಷ್ಟು ಮಾಡಿ ಎಂದಿದ್ದಳು. ಇಂದಿಗೂ ಮೂರು ಮುಚ್ಚಳವೇ ನಡೆಯುತ್ತಿದೆ. ಹಾಗಾದರೆ ಅತ್ತೆ ಹೋದ ಕೂಡಲೇ ವಾಸನೆ ಹೋದದ್ದು ಹೇಗೆ? ಅದಕ್ಕೂ ಉತ್ತರ ಅವಳ ಬಳಿಯೇ ಇತ್ತು, ಹುಡುಕುವ ಕಷ್ಟವೂ ಇಲ್ಲದ ಹಾಗೆ. ಆ ವಾರವೇ ಮೋಟಾರಿನ ಸದ್ದು ಕೆಟ್ಟಿದೆ ಎಂದು ತಲೆಯನ್ನು ರಿಪೇರಿಗೆ ಕಳಿಸಿದ್ದಳು. ಬಿಚ್ಚಿದವರು ಕೊಳೆತ ಸ್ಪಂಜು ಕಿತ್ತೆಸೆದು ಹೊಸದು ಹಾಕಿ ಕಳಿಸಿರಬೇಕು, ಅದೇನು ದೊಡ್ಡ ಸುದ್ದಿಯೇ ಹೇಳಲಿಕ್ಕೆ. ಆ ಹೊಸದು ಈಗ ಕೊಳೆತಿದೆ. ಅತ್ತೆಯ ಕೈ ಸೋಕದೆಯೇ ಕೊಳೆತಿದೆ.

"ಹಾಗಾದ್ರೆ ಅಜ್ಜಿದೇನೂ ತಪ್ಪಿರಲಿಲ್ಲ ಅನ್ನಿ," ಎಂದಳು ಗುಂಗುರು. ಚುಚ್ಚಲಿಕ್ಕೆ ಹೇಳಿದ್ದಲ್ಲ. ಕೈ ಒರೆಸಿಕೊಳ್ಳುತ್ತ, ಮಳೆ ನಿಂತಿತು ಅನ್ನುವ ಹಾಗೆ ಹೇಳಿದಳು.

ಅರ್ಧ ದಿನದ ರಜೆ ಕೇಳಿ, ಸ್ಪಂಜನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿಗೆ ಗಂಟು ಹಾಕಿಕೊಂಡು ಅವಳು ಬಸ್ಸು ಹತ್ತಿದಳು. ಹೇಳಿದರೆ ಅತ್ತೆ ನಂಬುತ್ತಾರೋ ಇಲ್ಲವೋ. ಬಾಯಿಮಾತಿನಲ್ಲಿ ಅವಳು ಅವರಿಗೆ ಏನೇನೋ ಹೇಳಿ ಆಗಿದೆ. ಕೈಗೇ ಕೊಡಬೇಕು, ಮೂಗಿಗೇ ಹಿಡಿಯಬೇಕು, ಇದು ಅತ್ತೆ, ಇದು, ನೀವಲ್ಲ ಎನ್ನಬೇಕು. ಅವರು ಬಯ್ಯಲಿ. ಅವರು ಬಯ್ದರೆ ಕಾಲು ಹಿಡಿಯುವುದು ಸುಲಭ. ಕಿಟಕಿಯ ಪಕ್ಕ ಕೂತು ಚೀಲವನ್ನು ಕಾಲಿನ ಸಂದಿಯಲ್ಲಿ ಇಟ್ಟುಕೊಂಡಳು. ಬಿಸಿಲು ಆ ಕಡೆಯೇ ಬೀಳುತ್ತಿತ್ತು. ಎರಡು ನಿಲ್ದಾಣ ದಾಟುವುದರೊಳಗೆ ಪಕ್ಕದಲ್ಲಿ ಕೂತಿದ್ದ ದಪ್ಪ ಹೆಂಗಸು ಒಮ್ಮೆ ಅವಳ ಕಡೆ ನೋಡಿ, ಚೂರು ಸರಿದು, ಆಮೇಲೆ ಎದ್ದು ಮುಂದೆ ಹೋಗಿ ಕಂಬಿ ಹಿಡಿದು ನಿಂತಳು. ಹಿಂದಿನ ಸೀಟಿನವನು ಕಿಟಕಿಯ ಗಾಜು ಸರಿಸಿದ. ಹತ್ತಿದವರು ಖಾಲಿ ಜಾಗ ಕಂಡು ಹತ್ತಿರ ಬಂದು, ಬಂದ ಹಾಗೆಯೇ ಮುಂದೆ ಹೋದರು. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದರಿಂದ ಅವಳಿಗೂ ಉತ್ತರ ಕೊಡುವ ಹಾಗಿರಲಿಲ್ಲ. ಇದು ನನ್ನದಲ್ಲ, ಸ್ಪಂಜಿನದು ಎಂದು ತಾನಾಗಿ ಎದ್ದು ಬಸ್ಸಿಗೆಲ್ಲ ಕೂಗಿ ಹೇಳಲಾಗುತ್ತದೆಯೇ? ಗೊತ್ತಿದ್ದೂ ಗೊತ್ತಿದ್ದೂ ಅವಳು ತನ್ನ ತೋಳನ್ನು ಮೂಗಿನ ಹತ್ತಿರ ತಂದು ನೋಡಿಕೊಂಡಳು. ತಂದ ಮೇಲೆ ಅದು ಯಾರು ಮಾಡಿದ್ದ ಕೆಲಸ ಎಂದು ನೆನಪಾಗಿ, ಕೈಯನ್ನು ಮಡಿಲಿಗೆ ಇಳಿಸಿ, ಇಳಿಯುವ ಜಾಗ ಬರುವ ತನಕ ಹೊರಗೆ ನೋಡುತ್ತ ಕೂತಳು. ಅತ್ತೆ ಈ ಬಸ್ಸಿನಲ್ಲಿ ಒಂದು ವರ್ಷ ಕೂತಿದ್ದಾರೆ ಎಂದು ಅನಿಸಿತು. ಕಣ್ಣೀರು ಬಂತು. ಅದನ್ನೂ ಆ ಕೈಯಲ್ಲಿ ಒರೆಸುವಂತಿರಲಿಲ್ಲ.

ಮನೆಯಲ್ಲಿ ಮಗು ಹಜಾರದ ನೆಲದ ಮೇಲೆ ಬಣ್ಣದ ಕಡ್ಡಿಗಳನ್ನು ಹರಡಿಕೊಂಡು ಕೂತು, ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ ದೊಡ್ಡ ಧ್ವನಿಯಲ್ಲಿ ಮಾತಾಡುತ್ತಿತ್ತು. ಒಳಗಿನಿಂದ ಅತ್ತೆ ಹೂಂಗುಡುತ್ತಿದ್ದರು. ಅಜ್ಜಿ ಮೊಮ್ಮಗಳು ಆಡುವುದು ಈಗ ಹೀಗೇ, ನಡುವೆ ಒಂದು ಗೋಡೆ ಇಟ್ಟುಕೊಂಡು. ಅವಳು ಚಪ್ಪಲಿ ಬಿಟ್ಟು ನೇರ ಹಿಂದಕ್ಕೆ ಹೋದಳು. ಅತ್ತೆ ಕಿಟಕಿಯ ಕೆಳಗೆ ಮಂಚದ ಮೇಲೆ ಕೂತು ಮಗುವಿನ ಕಾಲುಚೀಲ ಹೊಲಿಯುತ್ತಿದ್ದರು. ಇಷ್ಟು ಬೇಗ ಬಂದಳಲ್ಲ ಎಂದು ಗಾಬರಿಯಾಗಿ, ಮೈಗೆ ಹುಷಾರಿಲ್ಲವಾ ಎಂದು ಕೇಳಿ, ಕೇಳುತ್ತಲೇ ಎಂದಿನ ಹಾಗೆ ಗೋಡೆಯ ಕಡೆಗೆ ಒಂದು ಗೇಣು ಸರಿದು ಕೂತರು. ಆ ಸರಿಯುವಿಕೆಯನ್ನು ಅವಳು ಅಷ್ಟು ದಿನ ನೋಡಿದ್ದಳು; ತನ್ನ ಮೇಲಿನ ಮುನಿಸು ಎಂದುಕೊಂಡಿದ್ದಳು. ಮುಂದೆ ಕುಕ್ಕರಗಾಲಲ್ಲಿ ಕೂತಳು, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಕಲಸುಮೇಲೋಗರವಾಗಿ, ಆನೆಯ ತಲೆ, ಜಾಲರಿ, ನೊರೆ, ಮೂರು ಮುಚ್ಚಳ, ರಿಪೇರಿ ಎಂದು ಹಿಂದುಮುಂದಾಗಿ ಹೇಳಿ, ಚೀಲದ ಗಂಟು ಬಿಚ್ಚಿ ಸ್ಪಂಜನ್ನು ಅವರ ಎದುರು ಹಿಡಿದಳು.

"ಮೂಸಿ ನೋಡಿ ಅತ್ತೆ. ಇದೇ ಅದು. ನಿಮ್ಮದಲ್ಲ. ಯಾವತ್ತೂ ನಿಮ್ಮದಾಗಿರಲಿಲ್ಲ."

ಅತ್ತೆ ಸ್ಪಂಜನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಅದನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದರು. ಅವಳು ಅಷ್ಟು ದೂರದಿಂದಲೇ ಮುಖ ಸಿಂಡರಿಸಿದ್ದಳು. ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೂಂ ಎಂದರು. ಇನ್ನೊಮ್ಮೆ ಮೂಸಿ, ಹೌದು ಹೌದು ಎಂದು ತಲೆಯಾಡಿಸಿದರು. ಅವಳು ಅವರನ್ನೇ ನೋಡಿದಳು. ಒಮ್ಮೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾಗಿ ತಾನು ಮಹಡಿಯಿಂದ ಓಡಿಬಂದರೆ, ಒಲೆಯ ಪಕ್ಕದಲ್ಲೇ ಬೆನ್ನು ಮಾಡಿ ನಿಂತು ಅತ್ತೆ ತಟ್ಟೆ ಒರೆಸುತ್ತಿದ್ದದ್ದು, ಇಷ್ಟೂ ಗಮನ ಬೇಡವೇ ಎಂದು ತಾನು ಪಾತ್ರೆ ಕುಕ್ಕಿದ್ದು ಎಲ್ಲಿಂದಲೋ ಎದ್ದು ಬಂತು.

"ಅತ್ತೆ, ನಿಮಗೆ ವಾಸನೆ ಬರ್ತಿದೆಯಾ?"

"ಬರ್ತಿರಬೇಕು. ನೀನು ಮುಖ ಹಾಗೆ ಮಾಡಿದ್ದೀಯಲ್ಲ."

ಆಮೇಲೆ ಅವರು ಹೇಳಿದ್ದು ಕಾಲುಚೀಲದ ದಾರ ಸುತ್ತುತ್ತ, ಯಾರದೋ ವಿಷಯ ಹೇಳುವ ಹಾಗೆ. ಮಗು ಹುಟ್ಟುವ ಮೊದಲು ತಮಗೊಂದು ಕೆಟ್ಟ ಜ್ವರ ಬಂದಿತ್ತಲ್ಲ, ಆ ಜ್ವರ ಇಳಿಯಿತು, ಮೂಗು ಮಾತ್ರ ವಾಪಸು ಬರಲಿಲ್ಲ. ಹೂವು, ಹೊಗೆ, ಸೋಪು, ಮಗುವಿನ ತಲೆ, ಯಾವುದರದ್ದೂ ಇಲ್ಲ. ಮೊದಮೊದಲು ಊಟವೇ ಸೇರುತ್ತಿರಲಿಲ್ಲ, ಆಮೇಲೆ ರೂಢಿಯಾಯಿತು. ಇದನ್ನೇನು ಎಲ್ಲರಿಗೂ ಹೇಳಿಕೊಂಡು ತಿರುಗುವುದು ಎಂದು ಸುಮ್ಮನಾದರು. ಕೊಳೆ ತೆಗೆಯುವವಳಿಗೆ ಮೂಗಿಲ್ಲ ಎಂದು ಗೊತ್ತಾದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಹಾಗಾದರೆ ಅಂದು ಕಾರಿಡಾರಿನಲ್ಲಿ ಯಾಕೆ ಸುಮ್ಮನೆ ಹೋದಿರಿ, ನನ್ನ ಮೇಲೆ ಏನೂ ಬರ್ತಿಲ್ಲ ಅಂತ ಯಾಕೆ ಅನ್ನಲಿಲ್ಲ ಎಂದಳು. ಅತ್ತೆ ಅವಳ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೊಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ನನಗೇನು ಗೊತ್ತಾಗಬೇಕು ತಾಯಿ? ನನ್ನ ಮೇಲೆ ಏನಾದರೂ ಬಂದ್ರೆ ಮನೆಯವಳು ನೀನಿದ್ದೀಯ, ನೀನು ಹೇಳ್ತೀಯ ಅಂತ ನೆಚ್ಚಿಕೊಂಡಿದ್ದೆ. ನೀನು ಹೇಳ್ದೆ."

ಅಷ್ಟೇ. ಅವಳು ಹೇಳಿದ್ದಳು, ಅವರು ನಂಬಿದ್ದರು. ನಾಲಿಗೆಗೆ ಎಲುಬಿಲ್ಲ, ಆಡಿದ್ದು ಗಾಳಿಗೆ ಹೋಗುತ್ತದೆ ಎಂದುಕೊಂಡಿದ್ದಳು. ಅದು ಹೋಗಿರಲಿಲ್ಲ, ಅವರ ಮೈಗೆ ಹತ್ತಿಕೊಂಡಿತ್ತು, ಇರಲೇ ಇಲ್ಲದ ಒಂದು ವಾಸನೆಯಾಗಿ. ಯಾವ ನೀರಿಗೂ ಹೋಗದಂಥದ್ದು, ಯಾಕೆಂದರೆ ಹೋಯಿತೋ ಇಲ್ಲವೋ ಎಂದು ತಿಳಿಯಲು ಅವರಿಗೆ ಅವಳ ಬಾಯಿಯ ಹೊರತು ಬೇರೆ ದಾರಿಯಿರಲಿಲ್ಲ, ಮತ್ತು ಅವಳು 'ಹೋಯಿತು' ಎಂದು ಒಂದು ದಿನವೂ ಹೇಳಿರಲಿಲ್ಲ. ತಪ್ಪಾಯಿತು ಅತ್ತೆ ಎಂದಳು. ಮತ್ತೆ ಮತ್ತೆ ಎಂದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಸ್ಪಂಜು ಹಿಡಿದ ಕೈ ಎಂದು ಹಿಂದಕ್ಕೆ ತೆಗೆದುಕೊಂಡರು. ಇರಲಿ ಬಿಡೇ, ಯಂತ್ರ ಅಂದ ಮೇಲೆ ಏನೋ ಒಂದು ಆಗುತ್ತದೆ, ಬಿಸಿಲಲ್ಲಿ ಇದನ್ನು ಹೊತ್ತುಕೊಂಡು ಬಂದೆಯಲ್ಲ ಎಂದು ಅವಳನ್ನೇ ಸಮಾಧಾನ ಮಾಡಿದರು. ಎದ್ದು ಒಗೆಯುವ ಕಲ್ಲಿನ ಹತ್ತಿರ ಹೋಗಿ, ಎಸೆಯುವ ಆ ಸ್ಪಂಜನ್ನು ಸೋಪು ಹಚ್ಚಿ, ಹಿಂಡಿ, ಮತ್ತೆ ಹಚ್ಚಿ ತೊಳೆದರು. ಬೇಡ ಅತ್ತೆ, ಬಿಸಾಕಿ ಎಂದರೂ ಬಿಡಲಿಲ್ಲ. ಅದು ಅವರ ಕೈಯಲ್ಲಿ ಚೂರು ಚೂರಾಗಿ ಬಿಟ್ಟುಕೊಳ್ಳುತ್ತಿತ್ತು. ಉಳಿದ ಚೂರನ್ನು ಕಿಟಕಿಯ ಸರಳಿನ ಮೇಲೆ ಒಣಗಲು ಇಟ್ಟರು.

ಹಜಾರದಿಂದ ಮಗು ಕರೆಯಿತು. ಅಜ್ಜೀ, ಮನೆ ಬರೆದಿದ್ದೇನೆ, ಬಾ ನೋಡು. ಬನ್ನಿ ಅತ್ತೆ ಎಂದು ಅವಳು ಅವರ ಮೊಣಕೈ ಹಿಡಿದಳು. ವರ್ಷದಲ್ಲಿ ಮೊದಲ ಸಲ ಅತ್ತೆ, ಗಾಳಿ ಚೆನ್ನಾಗಿದೆ ಎನ್ನಲಿಲ್ಲ. ಅವಳ ಜೊತೆ ಅಡುಗೆಮನೆ ದಾಟಿ ಹೊಸ್ತಿಲ ತನಕ ಬಂದರು. ಅಲ್ಲಿ ನಿಂತರು. ಮಗು ಎದ್ದು ಕಾಗದ ಹಿಡಿದು ಓಡಿ ಬರುತ್ತಿತ್ತು. ಅತ್ತೆ ತಟಕ್ಕನೆ ಅವಳ ಕಡೆ ತಿರುಗಿ, ಮಗುವಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

"ಸ್ಪಂಜು ಮುಟ್ಟಿದ್ದೀನಿ. ಇನ್ನೂ ಇದೆಯಾ ನೋಡು."

ಎರಡೂ ಅಂಗೈಗಳನ್ನು ಅವಳ ಮುಖದ ಹತ್ತಿರ ಹಿಡಿದರು. ಸೋಪಿನ ನೀರಿಗೆ ಸುಕ್ಕುಗಟ್ಟಿದ, ಬೆಳ್ಳಗಾದ ಅಂಗೈಗಳು. ಅವಳು ಬಗ್ಗಿ ಉಸಿರೆಳೆದಳು. ಇತ್ತು. ಸೋಪಿನ ಅಡಿಯಲ್ಲಿ, ತೆಳ್ಳಗೆ, ಸ್ಪಷ್ಟವಾಗಿ, ಕಾರಿಡಾರಿನ ಅದೇ ನಾತ, ಈಗ ಮೊದಲ ಸಲ ನಿಜವಾಗಿ ಅವರ ಕೈಯಲ್ಲಿತ್ತು, ಅವಳೇ ತಂದು ಕೊಟ್ಟದ್ದು. ಅತ್ತೆ ಅವಳ ಮೂಗನ್ನಾಗಲಿ ಬಾಯನ್ನಾಗಲಿ ನೋಡುತ್ತಿರಲಿಲ್ಲ. ಇಡೀ ಮುಖವನ್ನು ನೋಡುತ್ತಿದ್ದರು, ಅದರ ಒಂದೊಂದು ಗೆರೆಯನ್ನೂ.

"ಇಲ್ಲ ಅತ್ತೆ," ಎಂದಳು. "ಏನೂ ಇಲ್ಲ."

ಅತ್ತೆ ಇನ್ನೂ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಒಳ್ಳೆಯದು ಎಂದು ತಲೆಯಾಡಿಸಿ, ತಡಿ ಪುಟ್ಟ, ಅಜ್ಜಿ ಬಂದೇ ಎಂದು ಹೇಳಿ, ಹಿಂದಕ್ಕೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಮಗು ಕಾಗದವನ್ನು ಎತ್ತಿ ಹಿಡಿದುಕೊಂಡು ಹೊಸ್ತಿಲಲ್ಲೇ ಕಾಯುತ್ತ ನಿಂತಿತು. ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು.